ಕೆರೆನೀರಿನ ಪರೀಕ್ಷೆ: ಹೊಸೂರು ಭಾಗದ ಕನ್ನಡ ಕುಟುಂಬಗಳಿಗೆ ಅಗತ್ಯ ತಿಳಿವಳಿಕೆ

ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿಯನ್ನು ತಮಿಳರು ತೆನ್‌ಪೆಣ್ಣೈ ಎಂದು ಕರೆಯುತ್ತಾರೆ. ಗಡಿ ದಾಟಿದ ನದಿಯು ಹೊಸೂರಿನ ಸಮೀಪ ಕೆಲವರಪಳ್ಳಿ ಜಲಾಶಯದಲ್ಲಿ ನಿಲ್ಲುತ್ತದೆ. ಬೆಂಗಳೂರಿನ ಬೆಳ್ಳಂದೂರು ಮತ್ತು ವರ್ತೂರು ಕೆರೆಗಳ ಕೋಡಿನೀರೂ ಇದೇ ನದಿಯನ್ನು ಸೇರುತ್ತದೆ. 2017ರ ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆಯಲ್ಲಿ ಬೆಂಕಿ ಕಾಣಿಸಿಕೊಂಡಾಗ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡಿತು. ಆ ಕೆರೆಯ ಕೊಳೆ ನಮ್ಮ ಹೊಲದ ಕಾಲುವೆಗೂ ಸಂಬಂಧಿಸಿದ್ದೆಂಬುದನ್ನು ನಾವು ಮರೆಯಲಾಗದು.

ಮದಗಿನಿಂದ ನೀರು ಧುಮುಕುವಾಗ ಏಳುವ ನೊರೆಗೆ ಬಟ್ಟೆ ತೊಳೆಯುವ ಮಾರ್ಜಕಗಳು ಮುಖ್ಯ ಕಾರಣ. ನೊರೆ ಕಾಣದ ದಿನ ನೀರು ಶುದ್ಧವೆಂದು ತಿಳಿಯುವುದು ತಪ್ಪು. ಆದುದರಿಂದಲೇ ಪರೀಕ್ಷೆ ಬೇಕು.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ನೀರನ್ನು ಅದರ ಬಳಕೆಗನುಸಾರ ‘ಎ’ಯಿಂದ ‘ಇ’ಯವರೆಗೆ ವರ್ಗೀಕರಿಸಿದೆ. ಸ್ನಾನಕ್ಕೆ ಯೋಗ್ಯವಾದ ‘ಬಿ’ ವರ್ಗದ ನೀರಿನಲ್ಲಿ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಕರಗಿದ ಆಮ್ಲಜನಕವಿರಬೇಕು. ಜೈವಿಕ ಆಮ್ಲಜನಕ ಬೇಡಿಕೆ, ಅಂದರೆ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕ, 3 ಮಿಲಿಗ್ರಾಂ ಮೀರಬಾರದು. 100 ಮಿಲಿಲೀಟರಿನಲ್ಲಿ ಕೋಲಿಫಾರ್ಮ್ ಸಂಖ್ಯೆ 500ರೊಳಗಿರಬೇಕು. ಮೀನುಗಾರಿಕೆಯ ‘ಡಿ’ ವರ್ಗಕ್ಕೆ ಆಮ್ಲಜನಕ 4 ಮಿಲಿಗ್ರಾಂ ಸಾಕು. ನೀರಾವರಿಯ ‘ಇ’ ವರ್ಗದಲ್ಲಿಯಾದರೋ ಲವಣ, ಸೋಡಿಯಂ, ಬೋರಾನ್‌ಗಳ ಲೆಕ್ಕವುಂಟು, ಕೋಲಿಫಾರ್ಮ್‌ನ ಲೆಕ್ಕವೇ ಇಲ್ಲ. ‘ನೀರಾವರಿಗೆ ಯೋಗ್ಯ’ ಎಂಬ ವರದಿಯನ್ನು ನಂಬಿ ಮಕ್ಕಳನ್ನು ಈಜಲು ಬಿಡುವುದಾಗಲಿ, ಆ ನೀರಿನಲ್ಲಿ ಬೆಳೆದ ಕೊತ್ತಂಬರಿಯನ್ನು ಚೆನ್ನಾಗಿ ತೊಳೆಯದೆ ಹಸಿಯಾಗಿ ತಿನ್ನುವುದಾಗಲಿ ಸಲ್ಲದು.

ಮಾದರಿ ಸಂಗ್ರಹದಲ್ಲಿಯೇ ಹೆಚ್ಚಿನ ತಪ್ಪುಗಳಾಗುತ್ತವೆ. ಮೊದಲ ಸಲ ನಾವೂ ಹಳೆಯ ತಂಪುಪಾನೀಯದ ಬಾಟಲಿಯಲ್ಲಿ ದಡದ ನೊರೆಯನ್ನೇ ತುಂಬಿಕೊಂಡು ಬಂದೆವು; ಅದರಿಂದ ಏನೂ ತಿಳಿಯಲಿಲ್ಲ. ಕೋಲಿಫಾರ್ಮ್ ಪರೀಕ್ಷೆಗೆ ಪ್ರಯೋಗಾಲಯವೇ ಕೊಡುವ ಕ್ರಿಮಿಶುದ್ಧ ಬಾಟಲಿ ಬೇಕು. ಅದನ್ನು ಮೇಲ್ಮೈಯಿಂದ ಸುಮಾರು ಒಂದು ಅಡಿ ಆಳದಲ್ಲಿ ತುಂಬಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು, ಅಂದೇ ತಲುಪಿಸಬೇಕು. ಕರಗಿದ ಆಮ್ಲಜನಕವನ್ನು ಸ್ಥಳದಲ್ಲಿಯೇ ಅಳೆಯಬೇಕು, ಇಲ್ಲವೇ ಮಾದರಿಗೆ ಅಲ್ಲಿಯೇ ರಾಸಾಯನಿಕ ಬೆರೆಸಿ ಸ್ಥಿರಗೊಳಿಸಬೇಕು. ಪಾಚಿ ತುಂಬಿದ ಕೆರೆಯಲ್ಲಿ ಮಧ್ಯಾಹ್ನ ಆಮ್ಲಜನಕ ಏರಿ, ಮುಂಜಾವಿನ ವೇಳೆಗೆ ತೀರ ಇಳಿಯುತ್ತದೆ. ಬೆಳಗಾಗುವಷ್ಟರಲ್ಲಿ ಮೀನುಗಳು ಸತ್ತು ತೇಲುವುದು ಅನೇಕ ವೇಳೆ ಇದರಿಂದಲೇ. ಮಧ್ಯಾಹ್ನದ ಮಾದರಿಯೊಂದನ್ನೇ ನೋಡಿದವರಿಗೆ ಈ ಸತ್ಯ ಕಾಣದು. ಪ್ರತಿ ಸಲವೂ ಅದೇ ಸ್ಥಳ, ಅದೇ ವೇಳೆ ಎಂಬ ನಿಯಮವಿರಲಿ. ದಿನಾಂಕ, ಮಳೆ, ನೀರಿನ ಬಣ್ಣ, ಉಷ್ಣತೆಗಳನ್ನು ಶಾಲೆಯ ನೋಟ್‌ಬುಕ್ಕಿನಲ್ಲಿ ಮಕ್ಕಳು ಬರೆದಿಡಲಿ.

ಕುಡಿಯುವ ನೀರಿನ ಮಾತು ಬೇರೆ. ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳ ಅಂತರ್ಜಲದಲ್ಲಿ ಫ್ಲೋರೈಡ್ ಅಧಿಕವೆಂಬ ಕಾರಣಕ್ಕೇ ಹೊಗೇನಕಲ್ ಕುಡಿಯುವ ನೀರಿನ ಯೋಜನೆ ಬಂದದ್ದು. ಭಾರತೀಯ ಮಾನಕದ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು; ಬೇರೆ ಮೂಲವಿಲ್ಲದಿದ್ದಲ್ಲಿ 1.5ರವರೆಗೆ ಸಹ್ಯ. ಕೊಳವೆಬಾವಿಯ ನೀರು ತಿಳಿಯಾಗಿದ್ದರೂ ಫ್ಲೋರೈಡ್ ಕಣ್ಣಿಗೆ ಕಾಣದು, ಕುದಿಸಿದರೂ ಹೋಗದು. ಜಲಜೀವನ ಯೋಜನೆಯ ಪರೀಕ್ಷಾ ಕಿಟ್ ಪಂಚಾಯಿತಿಯಲ್ಲಿದೆಯೇ ಎಂದು ವಿಚಾರಿಸಿರಿ. ಅದರಲ್ಲಿ ಸಂಶಯ ಬಂದರೆ ತಮಿಳುನಾಡು ಕುಡಿಯುವ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯ ಪ್ರಯೋಗಾಲಯಕ್ಕೆ ಮಾದರಿ ಕೊಡಬೇಕು.

ಕೆರೆಯ ಬಗೆಗಿನ ದೂರನ್ನು ಹೊಸೂರಿನಲ್ಲಿರುವ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೆ ಸಲ್ಲಿಸಬಹುದು. ಹಿಂದಿನ ಪರೀಕ್ಷಾ ಫಲಿತಾಂಶಗಳು ಬೇಕಿದ್ದಲ್ಲಿ 2005ರ ಮಾಹಿತಿ ಹಕ್ಕು ಕಾಯ್ದೆಯುಂಟು. ಇಲ್ಲಿ ಅರ್ಜಿ ತಮಿಳು, ಇಂಗ್ಲಿಷ್ ಅಥವಾ ಹಿಂದಿಯಲ್ಲಿರಬೇಕು. ಕನ್ನಡಕ್ಕೆ ಅವಕಾಶವಿಲ್ಲವೆಂಬ ಕೊರಗು ನಮಗಿದೆ. ಆದರೆ ನಮ್ಮ ಮಕ್ಕಳು ಶಾಲೆಯಲ್ಲಿ ತಮಿಳನ್ನೂ ಕಲಿಯುತ್ತಿದ್ದಾರೆ, ಅರ್ಜಿಯನ್ನು ಅವರಿಂದಲೇ ಬರೆಸಿರಿ. ದಿನಾಂಕ, ಸ್ಥಳ, ಅಂಕಿಗಳ ಸಮೇತ ವರದಿಯ ಪ್ರತಿಯನ್ನೇ ಕೇಳಬೇಕು. ಉತ್ತರಕ್ಕೆ ಕಾಯ್ದೆ ನೀಡಿರುವ ಅವಧಿ 30 ದಿನ.