ಮೂರನೇ ಸೈಕಲ್

ಸೈಕಲ್ ಪಂದ್ಯ ಅಂದ್ರೆ ಒಬ್ಬೊಬ್ಬರೇ ಮುಂದಕ್ಕೆ ನುಗ್ಗೋದು ಅಂತ ನಾವು ತಿಳಿದಿದ್ದೇವೆ. ಆದರೆ ಕೂಡಿ ಓಡಿಸುವ ಪಂದ್ಯವೂ ಒಂದಿದೆ. ಅದಕ್ಕೆ ಟೀಮ್ ಸ್ಪ್ರಿಂಟ್ ಅಂತಾರೆ. ಪೇಪರಿನಲ್ಲಿ ಕ್ರಿಕೆಟ್ ಸುದ್ದಿಯ ಕೆಳಗೆ ಮೂಲೆಯಲ್ಲಿ ಎರಡು ಸಾಲು ಬರುವ ಆಟ. ಇದರಲ್ಲಿ ಹೆಣ್ಣುಮಕ್ಕಳು ಬಂದ ದಾರಿಯನ್ನು ಇಲ್ಲಿ ಬರೀತೀನಿ.

ಮೊದಲು ಆಟ ಹೇಗೆ ಅಂತ ಹೇಳಬೇಕು. ಒಂದು ಸುತ್ತಿಗೆ 250 ಮೀಟರ್ ಬರುವ ಮರದ ಹಲಗೆಯ ಹಾದಿ. ತಿರುವಿನಲ್ಲಿ ಕೆರೆ ಏರಿಗಿಂತ ಕಡಿದಾಗಿ ಓರೆಯಾಗಿ ಎದ್ದಿರುತ್ತೆ. ಸೈಕಲ್ಲಿಗೆ ಬ್ರೇಕ್ ಇಲ್ಲ, ಚಕ್ರ ತಿರುಗೋವರೆಗೂ ಪೆಡಲ್ ತಿರುಗ್ತಾನೇ ಇರಬೇಕು. ಒಂದು ತಂಡ ಈ ಕಡೆಯಿಂದ, ಇನ್ನೊಂದು ಎದುರು ಕಡೆಯಿಂದ ಹೊರಡುತ್ತೆ. ಮುಂದಿನವಳು ಗಾಳಿಗೆ ಎದೆಕೊಟ್ಟು ಒಂದು ಸುತ್ತು ಎಳೀತಾಳೆ. ಹಿಂದಿನವರು ಅವಳ ಮರೆಯಲ್ಲಿ ಶಕ್ತಿ ಉಳಿಸಿಕೊಂಡು ಬರ್ತಾರೆ. ಸುತ್ತು ಮುಗಿದ ಕೂಡಲೇ ಅವಳು ಮೇಲಕ್ಕೆ ಸರಿದು ದಾರಿ ಬಿಡ್ತಾಳೆ. ಲೆಕ್ಕಕ್ಕೆ ಬರೋದು ಕೊನೆಯವಳು ಗೆರೆ ಮುಟ್ಟಿದ ಹೊತ್ತು. ಮೇಳದಲ್ಲಿ ಪದ ಹಾಡೋ ನಮಗೆ ಇದು ಅರ್ಥವಾಗುತ್ತೆ. ಒಬ್ಬರು ಪದ ಎತ್ತಿಕೊಡ್ತಾರೆ, ದಡ ಮುಟ್ಟಿಸೋರು ಹಿಂದಿನವರು.

ಈಗ ಚರಿತ್ರೆ ನೋಡಿ. ಒಲಿಂಪಿಕ್ಸಿನಲ್ಲಿ ಈ ಹಾದಿಯ ಮೇಲೆ ಹೆಂಗಸರಿಗೆ ಜಾಗ ಸಿಕ್ಕಿದ್ದೇ 1988ರಲ್ಲಿ, ಸೋಲ್ ನಗರದಲ್ಲಿ. ಗಂಡಸರ ಟೀಮ್ ಸ್ಪ್ರಿಂಟ್ 2000ದಲ್ಲಿ ಸಿಡ್ನಿಯಲ್ಲಿ ಶುರುವಾಯ್ತು. ಹೆಂಗಸರಿಗೆ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ 2007ರಲ್ಲಿ, ಒಲಿಂಪಿಕ್ಸಿನಲ್ಲಿ 2012ರಲ್ಲಿ ಬಂತು. ಅದೂ ಹೇಗೆ? ಗಂಡಸರ ತಂಡಕ್ಕೆ ಮೂವರು, ಮೂರು ಸುತ್ತು. ಹೆಂಗಸರ ತಂಡಕ್ಕೆ ಇಬ್ಬರೇ, ಎರಡೇ ಸುತ್ತು!

2012ರ ಲಂಡನ್ ಫೈನಲ್ಲಿನಲ್ಲಿ ಚೀನಾದ ಹುಡುಗಿಯರು ಮೊದಲು ಮುಟ್ಟಿದರು. ಆದರೆ ದಾರಿ ಬಿಡುವ ಜಾಗದ ನಿಯಮ ತಪ್ಪಿತು ಅಂತ ಅವರನ್ನು ಕೆಳಗಿಳಿಸಿ, ಜರ್ಮನಿಯ ಕ್ರಿಸ್ಟಿನಾ ಫೋಗೆಲ್, ಮಿರಿಯಂ ವೆಲ್ಟೆ ಅವರಿಗೆ ಚಿನ್ನ ಕೊಟ್ಟರು. ದಾರಿ ಬಿಡೋದಕ್ಕೂ ಅಷ್ಟು ಲೆಕ್ಕ ಇದೆ. ಮುಂದಿನ ಎರಡು ಒಲಿಂಪಿಕ್ಸಿನಲ್ಲೂ ಚಿನ್ನ ಚೀನಾಕ್ಕೇ ಹೋಯ್ತು.

2021ರ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಹೆಂಗಸರಿಗೂ ಮೂರನೇ ಸೈಕಲ್ ಬಂತು. 2024ರಲ್ಲಿ ಪ್ಯಾರಿಸ್ಸಿನಲ್ಲಿ ಬ್ರಿಟನ್ನಿನ ಮೂವರು 750 ಮೀಟರನ್ನು 46 ಸೆಕೆಂಡಿಗೂ ಮುಂಚೆ ಮುಗಿಸಿ ಚಿನ್ನ ಗೆದ್ದರು. ಗಂಡಸರಷ್ಟೇ ಸುತ್ತು ಹೆಂಗಸರಿಗೂ ಸಿಗೋಕೆ ಒಲಿಂಪಿಕ್ಸಿನಲ್ಲಿ 24 ವರ್ಷ ಬೇಕಾಯ್ತು.

ನಮ್ಮ ದೇಶದವರೂ ಈ ಹಾದಿಗೆ ಇಳಿದಿದ್ದಾರೆ. ಅಂಡಮಾನ್ ನಿಕೋಬಾರಿನ ಡೆಬೊರಾ ಹೆರಾಲ್ಡ್ 2004ರ ಸುನಾಮಿಯಲ್ಲಿ ಮರ ಹಿಡಿದು ಹಲವು ದಿನ ಜೀವ ಉಳಿಸಿಕೊಂಡ ಮಗು. ಆಕೆ 2018ರ ಏಷ್ಯನ್ ಗೇಮ್ಸಿನಲ್ಲಿ ಅಲೀನಾ ರೇಜಿ ಜೊತೆ ಈ ಪಂದ್ಯ ಆಡಿದಳು. 2022ರ ಕಾಮನ್‌ವೆಲ್ತ್ ಗೇಮ್ಸಿಗೆ ಮಯೂರಿ ಲುಟೆ, ತ್ರಿಯಾಶಾ ಪಾಲ್, ಶುಶಿಕಲಾ ಅಗಾಶೆ ಮೂವರೂ ಕೂಡಿ ಹೋದರು.

ಇನ್ನು ನಮ್ಮ ರಾಜ್ಯದ ಮಾತು. 1991ರ ಸುಮಾರಿಗೆ ಪುದುಕೋಟೆ ಜಿಲ್ಲೆಯಲ್ಲಿ ಅರಿವೊಳಿ ಸಾಕ್ಷರತಾ ಚಳವಳಿ ನಡೆದಾಗ ಅಕ್ಷರದ ಜೊತೆ ಸೈಕಲ್ಲನ್ನೂ ಕಲಿಸಿದರು. ಕೂಲಿ ಹೆಂಗಸರು, ಕಲ್ಲು ಒಡೆಯೋ ಹೆಂಗಸರು ಸಾವಿರಗಟ್ಟಲೆ ಸೈಕಲ್ ಹತ್ತಿದರು. ಆಡಿಕೊಂಡವರೂ ಇದ್ದರು, ಅವರು ಇಳೀಲಿಲ್ಲ. ಆಮೇಲೆ ಸರ್ಕಾರವೇ ಪ್ಲಸ್ ಒನ್ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡಿತು. ಹೊಸೂರು, ಡೆಂಕಣಿಕೋಟೆ, ತಳಿ ಕಡೆಯ ಹಳ್ಳಿ ಹೆಣ್ಣುಮಕ್ಕಳು ಅದರಲ್ಲೇ ಹೈಸ್ಕೂಲಿಗೆ ಹೋಗಿ ಬಂದರು.

ಆದರೆ ನಾನು ಕಂಡಿದ್ದು ಹೇಳ್ತೀನಿ. ಪ್ಲಸ್ ಟೂ ಮುಗಿದ ಮಾರನೇ ದಿನ ಆ ಸೈಕಲ್ ತಮ್ಮನ ಕೈಗೆ ಹೋಗುತ್ತೆ, ಇಲ್ಲವೇ ಹಾಲಿನ ಕ್ಯಾನ್ ಹೊರುತ್ತೆ. ಹಬ್ಬದ ಆಟಗಳಲ್ಲಿ ಹುಡುಗರಿಗೆ ಸೈಕಲ್ ರೇಸ್, ಹುಡುಗಿಯರಿಗೆ ನಿಧಾನ ಸೈಕಲ್. ಎರಡು ವರ್ಷ ದಿನಕ್ಕೆ ಎಂಟು ಹತ್ತು ಕಿಲೋಮೀಟರ್ ದಿಣ್ಣೆ ಹತ್ತಿಸಿದ ಕಾಲಿಗೆ ನಿಧಾನ ಯಾಕೆ?

ಮೇಷ್ಟ್ರುಗಳಲ್ಲಿ, ಟೀಚರಮ್ಮಂದಿರಲ್ಲಿ ನನ್ನದೊಂದು ಕೇಳಿಕೆ. ಬರೋ ಸಂಕ್ರಾಂತಿಗೆ ಸ್ಕೂಲು ಮೈದಾನದಲ್ಲಿ ಸುಣ್ಣದ ಗೆರೆ ಎಳೆದು, ಮೂವರು ಮೂವರು ಹುಡುಗಿಯರ ತಂಡ ಕಟ್ಟಿ ಮೂರು ಸುತ್ತು ಓಡಿಸಿ. ಮರದ ಹಾದಿ ಬೇಡ, ಸರ್ಕಾರಿ ಸೈಕಲ್ಲೇ ಸಾಕು. ಹೆತ್ತವರು ಬಂದು ನೋಡಲಿ. ಅವತ್ತು ಪದ ಹಾಡೋಕೆ ನಮ್ಮ ಮೇಳ ಬರುತ್ತೆ.