ನಿಂತು ನೋಡುವವರ ಜಾಗ

ಸ್ವಲ್ಪ ಉದ್ದದ ಬರಹ, ಬಿಡುವು ಮಾಡ್ಕೊಂಡು ಓದಿ.

ಫುಟ್‌ಬಾಲ್ ವಿಶ್ವಕಪ್ ಬಂತು ಅಂದ್ರೆ ನಮ್ಮ ಫೋನುಗಳ ತುಂಬ ಸ್ಟೇಡಿಯಂ ಫೋಟೊಗಳು. ಮೇಲಿಂದ ಡ್ರೋನಲ್ಲಿ ತೆಗೆದದ್ದು, ರಾತ್ರಿ ದೀಪಕ್ಕೆ ಹೊಳೆಯೋದು, ಕೆಳಗೆ ಇಷ್ಟು ಸಾವಿರ ಸೀಟು ಅಂತ ಒಂದು ಸಾಲು. ನಾನು ಆ ಫೋಟೊಗಳಲ್ಲಿ ಹುಡುಕೋದು ಬೇರೆ. ಎಲ್ಲರಿಗಿಂತ ಕಡಿಮೆ ದುಡ್ಡಿನ ಟಿಕೆಟ್ ತಗೊಂಡವನು ಎಲ್ಲಿದಾನೆ? ಕೂತಿದಾನಾ, ನಿಂತಿದಾನಾ? ಮೊದಲು ಒಳಗೆ ಇದಾನಾ? ಈ ಪ್ರಶ್ನೆ ಇಟ್ಕೊಂಡು ಓದ್ತಾ ಹೋದಾಗ ಒಂದು ಸ್ಟೇಡಿಯಂ ನನ್ನನ್ನ ಹಿಡಿದು ನಿಲ್ಲಿಸಿತು. ಬ್ರೆಜಿಲ್‌ನ ರಿಯೋ ಡಿ ಜನೈರೊ ನಗರದ ಮರಕಾನಾ. 1950 ಮತ್ತು 2014, ಎರಡು ವಿಶ್ವಕಪ್‌ಗಳು ತೀರ್ಮಾನವಾದ ಜಾಗ.

ಕತೆ ಶುರುವಾಗೋದು ಸ್ಟೇಡಿಯಂ ಕಟ್ಟೋದಕ್ಕಿಂತ ಬಹಳ ಹಿಂದೆ. ಬ್ರೆಜಿಲ್ ಗುಲಾಮಗಿರಿ ರದ್ದು ಮಾಡಿದ್ದು 1888ರ ಮೇ 13ರಂದು, ಎರಡೂ ಅಮೆರಿಕ ಖಂಡಗಳಲ್ಲಿ ಕಟ್ಟಕಡೆಗೆ. ಬಿಡುಗಡೆ ಕೊಟ್ಟರು, ಭೂಮಿ ಕೊಡಲಿಲ್ಲ. ಅದಾದ ಕೆಲವೇ ವರ್ಷಕ್ಕೆ ಫುಟ್‌ಬಾಲ್ ಬಂತು. ರಿಯೋದಲ್ಲಿ ಅದು ಶ್ರೀಮಂತ ಬಿಳಿಯರ ಕ್ಲಬ್ಬುಗಳ ಆಟ. ಅಂಥಾ ಹೊತ್ತಲ್ಲಿ ವಾಸ್ಕೊ ಡ ಗಾಮ ಅನ್ನೋ ಕ್ಲಬ್ಬು, ಪೋರ್ಚುಗೀಸ್ ವ್ಯಾಪಾರಿಗಳು ಕಟ್ಟಿದ್ದು, ಕಪ್ಪು ಹುಡುಗರನ್ನ, ಮಿಶ್ರ ವರ್ಣದವರನ್ನ, ಕೂಲಿ ಮಾಡೋ ಬಡ ಬಿಳಿಯರನ್ನ ಸೇರಿಸಿ ತಂಡ ಕಟ್ಟಿ, 1923ರಲ್ಲಿ ರಿಯೋದ ಮೊದಲ ದರ್ಜೆಗೆ ಬಂದ ವರ್ಷವೇ ಚಾಂಪಿಯನ್ ಆಗಿಬಿಡ್ತು.

ದೊಡ್ಡ ಕ್ಲಬ್ಬುಗಳಿಗೆ ಇದನ್ನ ತಡ್ಕೊಳಕ್ಕಾಗಲಿಲ್ಲ. ಫ್ಲುಮಿನೆನ್ಸ್, ಫ್ಲಮೆಂಗೊ, ಬೊಟಾಫೊಗೊ ಎಲ್ಲ ಸೇರಿ 1924ರಲ್ಲಿ ಬೇರೆ ಸಂಘ ಮಾಡ್ಕೊಂಡರು. ವಾಸ್ಕೊಗೆ ಹೇಳಿದರು: ನೀವೂ ಬನ್ನಿ, ಆದರೆ ನಿಮ್ಮ ಹನ್ನೆರಡು ಆಟಗಾರರನ್ನ ಬಿಟ್ಟು ಬನ್ನಿ.

ಗುಮಾಸ್ತನಾಗಿ ಕಡತ ತಿರುವಿ ತಿರುವಿ ಹಳಬನಾದವನಿಗೆ ಇಲ್ಲಿ ನಗು ಬರುತ್ತೆ. "ಕಪ್ಪು ಜನ ಬೇಡ" ಅಂತ ಆ ನಿಯಮದಲ್ಲಿ ಬರೆದಿರಲಿಲ್ಲ. ಕೇಳಿದ್ದು ಏನು? ಆಟಗಾರನ ಉದ್ಯೋಗ ಏನು. ಓದು ಬರಹ ಬರುತ್ತಾ. ಕ್ಲಬ್ಬಿಗೆ ತಕ್ಕ ಮೈದಾನ ಇದೆಯಾ. ನೋಡೋಕೆ ಎಷ್ಟು ಸಾಚಾ ಪ್ರಶ್ನೆಗಳು! ಆದ್ರೆ ಯಾರ ತಾತನನ್ನ ಮೂವತ್ತಾರು ವರ್ಷದ ಹಿಂದಿನವರೆಗೂ ಸಂತೆಯಲ್ಲಿ ಮಾರ್ತಿದ್ರೋ ಅವನ ಮೊಮ್ಮಗನಿಗೆ ಉದ್ಯೋಗ ಏನು ಅಂತ ಕೇಳೋದು ಅಂದ್ರೆ ಬಣ್ಣ ಕೇಳಿದ ಹಾಗೇ. ನಮ್ಮಲ್ಲಿ "ಅರ್ಹತೆ" ಅನ್ನೋ ಒಂದು ಪದ ಇದೆಯಲ್ಲ, ಅದರ ಅಣ್ಣ ಇದು. ಪಂದ್ಯದ ಹಾಳೆ ಮೇಲೆ ಆಟಗಾರ ತಾನೇ ಸಹಿ ಹಾಕಬೇಕು ಅನ್ನೋ ನಿಯಮ ಬಂದಾಗ ವಾಸ್ಕೊ ತನ್ನ ಹುಡುಗರಿಗೆ ಅಕ್ಷರ ಕಲಿಸೋ ಏರ್ಪಾಡು ಮಾಡಿತ್ತು. ಈ ಸಲ ಅದೂ ಸಾಲದಾಯ್ತು. ಕೊನೆಗೆ 1924ರ ಏಪ್ರಿಲ್ 7ರಂದು ಕ್ಲಬ್ಬಿನ ಅಧ್ಯಕ್ಷ ಜೋಸೆ ಆಗಸ್ಟೊ ಪ್ರೆಸ್ತೆಸ್ ಪತ್ರ ಬರೆದರು. ನಮಗೆ ಗೆಲುವು ತಂದುಕೊಟ್ಟ ಆ ಹನ್ನೆರಡು ಮಂದಿಯನ್ನ ಬಲಿಕೊಟ್ಟು ನಿಮ್ಮ ಸಂಘಕ್ಕೆ ಬರಲ್ಲ, ಅನ್ನೋದು ಅದರ ಸಾರ. ಆಮೇಲೆ "ಮೈದಾನ ಇಲ್ಲ" ಅನ್ನೋ ಬಾಯಿ ಮುಚ್ಚಿಸೋಕೆ ಅಭಿಮಾನಿಗಳಿಂದ ಚಂದಾ ಎತ್ತಿ ಸೌ ಜನುವಾರಿಯೊ ಅನ್ನೋ ಸ್ಟೇಡಿಯಂ ಕಟ್ಟಿ 1927ರ ಏಪ್ರಿಲ್ 21ರಂದು ಬಾಗಿಲು ತೆರೆದರು.

ಅದೇ 1923ರಲ್ಲಿ ಇಲ್ಲಿ ಏನಾಗ್ತಿತ್ತು ಗೊತ್ತಾ? ನಮ್ಮ ಧಾರವಾಡದಲ್ಲಿ ಹುಟ್ಟಿದ ಪಲ್ವಂಕರ್ ಬಾಲೂ, ಮೈದಾನದಲ್ಲಿ ವಿಕೆಟ್ ಕೀಳೋವಾಗ ಬೇಕಾದವನು, ಚಹಾ ಹೊತ್ತಿಗೆ ಹೊರಗೆ ಬೇರೆ ಮಣ್ಣಿನ ಲೋಟದಲ್ಲಿ ಕುಡೀಬೇಕಾದವನು, ಕ್ಯಾಪ್ಟನ್ ಆಗದೇನೇ ನಿವೃತ್ತನಾಗಿದ್ದ. ಅವನ ತಮ್ಮ ವಿಠ್ಠಲ್ ಹಿಂದೂ ತಂಡದ ಕ್ಯಾಪ್ಟನ್ ಆಗಿದ್ದು 1923ರಲ್ಲೇ. ಅವರಿಗೆ ಇವರು ಗೊತ್ತಿಲ್ಲ, ಇವರಿಗೆ ಅವರು ಗೊತ್ತಿಲ್ಲ.

ಸರಿ, ಮರಕಾನಾಗೆ ಬರೋಣ. 1950ರ ವಿಶ್ವಕಪ್ ಬ್ರೆಜಿಲ್‌ಗೆ ಸಿಕ್ಕಾಗ ದೊಡ್ಡ ಸ್ಟೇಡಿಯಂ ಎಲ್ಲಿ ಕಟ್ಟೋದು ಅಂತ ಜಗಳ ಆಯ್ತು. ಕಾರ್ಲೊಸ್ ಲಾಸೆರ್ದ ಅನ್ನೋ ರಾಜಕಾರಣಿ ದೂರದ ಜಕರೆಪಗುವಾದಲ್ಲಿ ಆಗಲಿ ಅಂದ. ಮಾರಿಯೊ ಫಿಲ್ಯೊ ಅನ್ನೋ ಪತ್ರಕರ್ತ ತನ್ನ ಕ್ರೀಡಾ ಪತ್ರಿಕೆಯಲ್ಲಿ ಬರೆದೂ ಬರೆದೂ ಊರೊಳಗೇ, ರೈಲು ಸಿಗೋ ಕಡೆ, ಹಳೇ ಕುದುರೆ ರೇಸಿನ ಮೈದಾನದಲ್ಲೇ ಆಗಬೇಕು ಅಂತ ಹಟ ಹಿಡಿದು ಗೆದ್ದ. ಪಕ್ಕದಲ್ಲೇ ಮಂಗೇರ ಗುಡ್ಡದ ಫವೇಲಾ, ಅಂದ್ರೆ ನಮ್ಮ ಸ್ಲಮ್ಮು. ಈ ಮಾರಿಯೊ ಫಿಲ್ಯೊ ಯಾರು ಅಂದ್ರೆ, 1947ರಲ್ಲಿ ಬ್ರೆಜಿಲ್ ಫುಟ್‌ಬಾಲಿನಲ್ಲಿ ಕಪ್ಪು ಜನರ ಕತೆಯನ್ನ ಪುಸ್ತಕವಾಗಿ ಬರೆದವನು. ವಾಸ್ಕೊ ಕತೆ ಹೆಚ್ಚಿನವರಿಗೆ ತಲುಪಿದ್ದು ಆ ಪುಸ್ತಕದಿಂದ. ಮರಕಾನಾದ ಅಧಿಕೃತ ಹೆಸರು ಇವತ್ತಿಗೂ ಅವನದೇ. ಎಷ್ಟು ಜನ ಕೇಳಿದೀವಿ?

1948ರ ಆಗಸ್ಟಲ್ಲಿ ಕೆಲಸ ಶುರುವಾಗಿ 1950ರ ಜೂನ್ 16ಕ್ಕೆ ಬಾಗಿಲು ತೆರೀತು. ಪೂರ್ತಿ ಮುಗಿದಿರಲಿಲ್ಲ. ಕಾಂಕ್ರೀಟಿನ ದೊಡ್ಡ ಬಳೆ ಒಂದು, ಅದರ ಮೇಲೆ ಇನ್ನೊಂದು. ಎಲ್ಲಕ್ಕಿಂತ ಕೆಳಗೆ, ಮೈದಾನದ ಅಂಚಿಗೆ, ಸುತ್ತಲೂ ಒಂದು ಪಟ್ಟಿ. ಸೀಟಿಲ್ಲ, ಸೂರಿಲ್ಲ. ಹೆಸರು "ಜೆರಾಲ್", ಅಂದ್ರೆ ಸಾಮಾನ್ಯ. ನಿಂತೇ ನೋಡಬೇಕು. ಮೈದಾನಕ್ಕೆ ಎಲ್ಲರಿಗಿಂತ ಹತ್ತಿರ ಇವರೇ, ಆದ್ರೆ ತೀರಾ ತಗ್ಗಿನಲ್ಲಿ ಇರೋದ್ರಿಂದ ಆಟ ಸರಿಯಾಗಿ ಕಾಣದೇ ಇರೋದೂ ಇವರಿಗೇ. ಮೇಲಿನವರು ಬಿಯರು, ಅದಕ್ಕಿಂತ ಹೊಲಸಾದದ್ದನ್ನೂ ಎರಚುತ್ತಿದ್ದದ್ದು ಇವರ ತಲೆ ಮೇಲೇ. ಆದ್ರೂ ಬರೋರು. ಬಸ್ ಚಾರ್ಜಿನಷ್ಟು ದುಡ್ಡಲ್ಲಿ ಒಳಗೆ ಹೋಗಬಹುದಾದ ಜಾಗ ಅದು. ವೇಷ ಹಾಕ್ಕೊಂಡು, ಹಲ್ಲಿಲ್ಲದ ಬಾಯಲ್ಲಿ ನಗ್ತಾ, ಹಾಡ್ತಾ ಬರೋ ಅವರನ್ನ "ಜೆರಾಲ್ದಿನೊ" ಅಂತ ಕರೆಯೋರು. ತೇರಿನ ಮುಂದೆ ಕುಣಿಯೋಕೆ ನಾವು, ತೇರಿನ ಮೇಲೆ ಅವರು ಅನ್ನೋದು ನೆನಪಾಗುತ್ತೆ. ಆದ್ರೆ ಒಂದು ವ್ಯತ್ಯಾಸ ಇದೆ, ಅದನ್ನ ಮರೀಬಾರದು: ಅಲ್ಲಿ ಅವರು ಒಳಗಿದ್ದರು.

1950ರ ಜುಲೈ 16. ಟಿಕೆಟ್ ಕೊಂಡವರೇ 1,73,850 ಮಂದಿ. ಒಟ್ಟು ಎರಡು ಲಕ್ಷದ ಹತ್ತಿರ ಅಂತಾರೆ. ಉರುಗ್ವೆ ಜೊತೆ ಡ್ರಾ ಮಾಡ್ಕೊಂಡ್ರೂ ಕಪ್ಪು ಬ್ರೆಜಿಲ್‌ದೇ. ಪಂದ್ಯಕ್ಕೆ ಮುಂಚೇನೇ ಒಂದು ಪತ್ರಿಕೆ ಬ್ರೆಜಿಲ್ ತಂಡದ ಫೋಟೊ ಹಾಕಿ ಇವರೇ ವಿಶ್ವ ಚಾಂಪಿಯನ್ನರು ಅಂತ ಅಚ್ಚು ಹಾಕಿತು. ಆಟಗಾರರ ಬಿಡಾರಕ್ಕೆ ಓಟು ಬೇಕಾದ ರಾಜಕಾರಣಿಗಳ ಸಾಲು. ಆಟ ಶುರುವಾಗೋ ಮೊದಲು ಮೇಯರು ಮೈಕು ಹಿಡಿದು ಗೆದ್ದವರಿಗೆ ಮಾಡೋ ಭಾಷಣ ಮಾಡಿದ. ಫ್ರಿಯಾಸ ಗೋಲು ಹೊಡೆದ, 1–0. ಉರುಗ್ವೆಯ ಗಿಜಿಯಾ ಬಲಗಡೆಯಿಂದ ನುಗ್ಗಿ ನಡುವಿಗೆ ಚೆಂಡು ಕೊಟ್ಟ, ಸ್ಕಿಯಾಫಿನೊ ಹೊಡೆದ, 1–1. ಎಪ್ಪತ್ತೊಂಬತ್ತನೇ ನಿಮಿಷ, ಮತ್ತೆ ಗಿಜಿಯಾ ಅದೇ ದಾರೀಲಿ ನುಗ್ಗಿದ. ಗೋಲ್‌ಕೀಪರ್ ಬಾರ್ಬೊಸಾ, ಹಿಂದಿನ ಸಲದ ಹಾಗೇ ನಡುವಿಗೆ ಕೊಡ್ತಾನೆ ಅಂದ್ಕೊಂಡು ಒಂದು ಹೆಜ್ಜೆ ಮುಂದೆ ಇಟ್ಟ. ಗಿಜಿಯಾ ಕಂಬಕ್ಕೂ ಬಾರ್ಬೊಸಾಗೂ ಮಧ್ಯೆ ಇದ್ದ ಸಂದಿಗೇ ಹೊಡೆದ. 2–1.

ಯಾವ ಗೋಲ್‌ಕೀಪರ್ ಆದ್ರೂ ಮಾಡಬಹುದಾದ ಲೆಕ್ಕ. ಆದ್ರೆ ಆಮೇಲೆ ಬೆರಳು ತೋರಿಸಿದ್ದು ಯಾರ ಕಡೆ? ಬಾರ್ಬೊಸಾ, ಬಿಗೋದೆ, ಜುವೆನಾಲ್. ಮೂವರೂ ಕಪ್ಪು. ಕಪ್ಪು ಜನಕ್ಕೆ ದೊಡ್ಡ ಹೊತ್ತಲ್ಲಿ ಗಟ್ಟಿತನ ಇರಲ್ಲ ಅನ್ನೋ ಹಳೇ ಮಾತಿಗೆ ಮತ್ತೆ ಜೀವ ಬಂತು. ಭಾಷಣ ಮಾಡಿದ ಮೇಯರನ್ನ ಯಾರೂ ಕೇಳಲಿಲ್ಲ. ಒಂದು ಗೋಲಿಗಿಂತ ಹೆಚ್ಚು ಹೊಡೆಯದ ಮುಂಪಡೆಯವರನ್ನೂ ಅಷ್ಟು ಕೇಳಲಿಲ್ಲ. ಇನ್ನೂ ತಮಾಷೆ ಕೇಳಿ: ಅವತ್ತು ಗೆದ್ದ ಉರುಗ್ವೆ ತಂಡದ ಕ್ಯಾಪ್ಟನ್ ಒಬ್ದೂಲಿಯೊ ವರೇಲಾನೂ ಕಪ್ಪು ಮನುಷ್ಯ. 1948ರಲ್ಲಿ ತನ್ನ ದೇಶದ ಆಟಗಾರರ ಮುಷ್ಕರದ ಮುಂದಾಳು. ಎರಡು ಲಕ್ಷ ಜನರ ಕೂಗಿನ ಮಧ್ಯೆ ತನ್ನ ತಂಡವನ್ನ ಹಿಡಿದು ನಿಲ್ಲಿಸಿದವನು ಅವನೇ. ಅವನನ್ನ ನೋಡಿ "ಕಪ್ಪು ಜನಕ್ಕೆ ಗಟ್ಟಿತನ ಜಾಸ್ತಿ" ಅಂತ ಯಾವನೂ ಬರೆಯಲಿಲ್ಲ. ಗೆದ್ರೆ ಮನುಷ್ಯನ ಗೆಲುವು, ಸೋತ್ರೆ ಜಾತಿಯ ಸೋಲು. ನಮಗೇನು ಹೊಸದಲ್ಲ ಬಿಡಿ.

ಬಾರ್ಬೊಸಾ ವಾಸ್ಕೊದ ಗೋಲ್‌ಕೀಪರ್. ಹನ್ನೆರಡು ಮಂದಿಗಾಗಿ ಪತ್ರ ಬರೆದ ಅದೇ ಕ್ಲಬ್ಬು. ದೇಶದ ತಂಡದಲ್ಲಿ ಅವನಿಗೆ ಸಿಕ್ಕಿದ್ದು ಮತ್ತೆ ಒಂದೇ ಪಂದ್ಯ. ಆಟ ಬಿಟ್ಟ ಮೇಲೆ ಹೊಟ್ಟೆಪಾಡಿಗೆ ಕೆಲಸ ಸಿಕ್ಕಿದ್ದೂ ಅದೇ ಮರಕಾನಾದಲ್ಲಿ. ಒಂದಿನ ಅಂಗಡೀಲಿ ಒಬ್ಬ ಹೆಂಗಸು ತನ್ನ ಮಗನಿಗೆ ಇವನನ್ನ ತೋರಿಸಿ, ಇಡೀ ಬ್ರೆಜಿಲ್ ಅಳೋ ಹಾಗೆ ಮಾಡಿದವನು ಇವನೇ ಅಂದಳಂತೆ. 1993ರಲ್ಲಿ ದೇಶದ ತಂಡದ ತರಬೇತಿ ಶಿಬಿರಕ್ಕೆ ಹೋದ್ರೆ ಅಪಶಕುನ ಅಂತ ಒಳಗೆ ಬಿಡಲಿಲ್ಲ. ಅಪಶಕುನ! ಬೆಳಿಗ್ಗೆ ಎದುರಿಗೆ ಬಂದ್ರೆ ವಾಪಸ್ ಮನೆಗೆ ಹೋಗ್ತಿದ್ದವರನ್ನ ನಮ್ಮ ಅಜ್ಜಂದಿರು ನೋಡಿದಾರೆ. ಬ್ರೆಜಿಲ್‌ನಲ್ಲಿ ಅತಿ ದೊಡ್ಡ ಶಿಕ್ಷೆ ಅಂದ್ರೆ ಮೂವತ್ತು ವರ್ಷ, ನಾನು ಐವತ್ತು ವರ್ಷದಿಂದ ಅನುಭವಿಸ್ತಾ ಇದೀನಿ ಅನ್ನೋ ಅರ್ಥದ ಅವನ ಮಾತು ಅಲ್ಲಿ ಎಲ್ಲರಿಗೂ ಗೊತ್ತು. ಸತ್ತಿದ್ದು 2000ದ ಏಪ್ರಿಲ್ 7. ಆ ಪತ್ರದ ತಾರೀಖೂ ಅದೇ. ವಿಶ್ವಕಪ್‌ನಲ್ಲಿ ಬ್ರೆಜಿಲ್‌ಗೆ ಮತ್ತೆ ಖಾಯಂ ಆಗಿ ಒಬ್ಬ ಕಪ್ಪು ಗೋಲ್‌ಕೀಪರ್ ನಿಂತಿದ್ದು 2006ರಲ್ಲಿ, ದೀದಾ.

ಆ ವಿಶ್ವಕಪ್‌ಗೆ ಭಾರತಕ್ಕೂ ಜಾಗ ಇತ್ತು. 1948ರ ಒಲಿಂಪಿಕ್ಸಲ್ಲಿ ಫ್ರಾನ್ಸ್ ಮೇಲೆ ಗೋಲು ಹೊಡೆದ ರಾಮನ್, ಅದೇ ತಂಡದ ಅಹ್ಮದ್ ಖಾನ್, ಇಬ್ಬರೂ ಬೆಂಗಳೂರಿನವರು. ಆ ತಂಡದಲ್ಲಿ ಬಹಳ ಮಂದಿ ಬರಿಗಾಲಲ್ಲೇ ಆಡಿದ್ದು. ಬರಿಗಾಲಲ್ಲಿ ಆಡಬಾರದು ಅಂದಿದ್ದಕ್ಕೆ ಭಾರತ ಬ್ರೆಜಿಲ್‌ಗೆ ಹೋಗಲಿಲ್ಲ ಅಂತ ಶಾಲೆಯಲ್ಲಿ ಕೇಳಿದ್ವಿ. ಹಾಗಲ್ಲ. ಖರ್ಚಿನ ದೊಡ್ಡ ಪಾಲು ನಾವೇ ಕೊಡ್ತೀವಿ ಅಂತ ಬ್ರೆಜಿಲ್‌ನವರು ಹೇಳಿದ್ರೂ, ಒಲಿಂಪಿಕ್ಸೇ ದೊಡ್ಡದು ಅಂದ್ಕೊಂಡಿದ್ದ ಇಲ್ಲಿನ ಫುಟ್‌ಬಾಲ್ ಫೆಡರೇಷನ್ನೇ ತಂಡ ಕಳಿಸಲಿಲ್ಲ. ಮೇಜಿನ ಹಿಂದೆ ಕೂತವರ ತೀರ್ಮಾನ, ಅಪವಾದ ಮಾತ್ರ ಬರಿಗಾಲಿನ ಮೇಲೆ. ಬಾರ್ಬೊಸಾ ಲೆಕ್ಕವೂ ಇದೇ ತಾನೆ?

ಈಗ ಜೆರಾಲ್‌ಗೆ ವಾಪಸ್ ಬರ್ತೀನಿ. 1992ರಲ್ಲಿ ಒಂದು ಫೈನಲ್ ದಿನ ಮೇಲಿನ ಸ್ಟ್ಯಾಂಡಿನ ಕಂಬಿ ಮುರಿದು ಮೂವರು ಸತ್ತರು. ಸುರಕ್ಷತೆ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಸುರಕ್ಷತೆ ಹೆಸರಲ್ಲಿ, ಎಲ್ಲರಿಗೂ ಸೀಟು ಇರಲೇಬೇಕು ಅನ್ನೋ ಫಿಫಾ ನಿಯಮದ ಹೆಸರಲ್ಲಿ, 2005ರಲ್ಲಿ ಜೆರಾಲ್ ಮುಚ್ಚಿದರು. ನಿಂತವನಿಗೆ ಕುರ್ಚಿ ಕೊಟ್ಟರು ಅಂತ ನೀವು ಖುಷಿಪಡಬಹುದು. ಕುರ್ಚಿ ಬಂತು, ಕುರ್ಚಿಯ ರೇಟೂ ಬಂತು, ನಿಂತಿದ್ದವನು ಬರಲಿಲ್ಲ.

2010ರಿಂದ 2013ರವರೆಗೆ 2014ರ ವಿಶ್ವಕಪ್‌ಗಾಗಿ ಒಳಗೆ ಇದ್ದದ್ದನ್ನೆಲ್ಲ ಒಡೆದು ಕಟ್ಟಿದರು. ನೂರು ಕೋಟಿ ರಿಯಲ್‌ಗೂ ಹೆಚ್ಚು ಸರ್ಕಾರಿ ದುಡ್ಡು. 2000ದಲ್ಲೇ ರಾಷ್ಟ್ರೀಯ ಪರಂಪರೆ ಅಂತ ಪಟ್ಟಿಗೆ ಸೇರಿದ್ದ ಕಟ್ಟಡ, ಆದ್ರೂ ಹಳೇ ಚಾವಣಿಯನ್ನೂ ಉಳಿಸಲಿಲ್ಲ. 2011ರಲ್ಲಿ ಕಟ್ಟೋ ಕೆಲಸಗಾರರು ಎರಡು ಸಲ ಮುಷ್ಕರ ಮಾಡಿದರು. ಒಮ್ಮೆ ಸ್ಫೋಟದಲ್ಲಿ ಜೊತೆಗಾರ ಗಾಯಗೊಂಡಿದ್ದಕ್ಕೆ, ಇನ್ನೊಮ್ಮೆ ಹಳಸಿದ ಊಟ ಕೊಟ್ಟಿದ್ದಕ್ಕೆ. ಆಗಿನ ಗವರ್ನರ್ ಸೆರ್ಜಿಯೊ ಕಬ್ರಾಲ್ 2016ರಲ್ಲಿ ಅರೆಸ್ಟ್ ಆದಾಗ ಮರಕಾನಾ ಕಾಮಗಾರಿಯ ಲಂಚವೂ ಆರೋಪಗಳಲ್ಲಿ ಇತ್ತು.

ಸ್ಟೇಡಿಯಂ ಪಕ್ಕದ ಮೆಟ್ರೊ ಫವೇಲಾ, 1970ರ ದಶಕದಲ್ಲಿ ಮೆಟ್ರೊ ರೈಲು ಕಟ್ಟಿದ ಕೂಲಿಗಳೇ ಶುರು ಮಾಡಿದ ಕೇರಿ. ಅಲ್ಲಿಂದ ಮೊದಲು ಎಬ್ಬಿಸಿದ ಕುಟುಂಬಗಳನ್ನ ಹತ್ತಾರು ಕಿಲೋಮೀಟರ್ ಆಚೆ, ನಗರದ ಪಶ್ಚಿಮ ತುದಿಯ ಕೊಸ್ಮೊಸ್‌ಗೆ ಸಾಗಿಸಿದರು. ಉಳಿದವರು ಹೋರಾಡಿ ಹತ್ತಿರದಲ್ಲೇ ಮನೆ ಪಡೆದರು, ಆದ್ರೆ ಅಲ್ಲೀವರೆಗೂ ಪಕ್ಕದ ಮನೆಗಳ ಇಟ್ಟಿಗೆ ರಾಶಿ ಮಧ್ಯೆಯೇ ಬದುಕಿದರು. ಗೋಡೆಗೆ ಅಂಟಿದಂತೆ ಇದ್ದ ಹಳೇ ಆದಿವಾಸಿ ಮ್ಯೂಸಿಯಂ ಕಟ್ಟಡ ಪಾಳು ಬಿದ್ದಿದ್ದಾಗ 2006ರಲ್ಲಿ ಬೇರೆ ಬೇರೆ ಬುಡಕಟ್ಟಿನ ಆದಿವಾಸಿಗಳು ಬಂದು ನೆಲೆಸಿ "ಮರಕಾನಾ ಹಟ್ಟಿ" ಅನ್ನೋ ಅರ್ಥದ ಹೆಸರಿಟ್ಟಿದ್ದರು. 2013ರ ಮಾರ್ಚ್ 22ರಂದು ಅವರನ್ನ ಹೊರಹಾಕೋಕೆ ಬಂದದ್ದು ಗಲಭೆ ನಿಗ್ರಹ ಪೊಲೀಸರು, ಅಶ್ರುವಾಯು ಸಮೇತ. ಮರಕಾನಾ ಅನ್ನೋ ಪದವೇ ಆದಿವಾಸಿಗಳ ತುಪಿ ಭಾಷೆಯದು, ಒಂದು ಜಾತಿ ಗಿಳಿಯ ಹೆಸರು.

2014ರಲ್ಲಿ ಬ್ರೆಜಿಲ್ ತಂಡ ಮರಕಾನಾದಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ, ಸೆಮಿಫೈನಲ್ಲಲ್ಲೇ ಜರ್ಮನಿ ಕೈಲಿ 7–1 ಸೋತಿತ್ತು. ಅದಕ್ಕೆ ಮುಂಚೆ ಬೆಲೊ ಹೊರಿಜಾಂಟೆಯಲ್ಲಿ ಚಿಲಿ ಜೊತೆಗಿನ ಪಂದ್ಯಕ್ಕೆ ಬಂದವರನ್ನ ದಾತಾಫೋಲ್ಯಾ ಸಂಸ್ಥೆ ಎಣಿಸಿದಾಗ ಮೂವರಲ್ಲಿ ಇಬ್ಬರು ಬಿಳಿಯರು. ದೇಶದ ಜನಗಣತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಪ್ಪು ಮತ್ತು ಮಿಶ್ರ ವರ್ಣದವರು.

ಒಂದು ಕೆಲಸ ಮಾತ್ರ ಅವರ ಕೈಲಿ ಆಗಲಿಲ್ಲ. ಸ್ಟೇಡಿಯಂ ಆವರಣದಲ್ಲೇ ಒಂದು ಸರ್ಕಾರಿ ಶಾಲೆ ಇದೆ, ಅದನ್ನೂ ಕೆಡವೋ ಪಟ್ಟಿಯಲ್ಲಿ ಹಾಕಿದ್ದರು. ಅಪ್ಪ ಅಮ್ಮಂದಿರು ಬೋರ್ಡು ಹಿಡಿದು ಬೀದಿಗೆ ಬಂದರು, ಬಿಡಲಿಲ್ಲ. 2013ರಲ್ಲಿ ದೇಶದ ತುಂಬ ಜನ ಬೀದಿಗಿಳಿದ ಮೇಲೆ, ಆಗಸ್ಟಲ್ಲಿ ಗವರ್ನರ್ ಹಿಂದೆ ಸರಿದ. ಶಾಲೆಗೆ ಫ್ರೀಡನ್‌ರೈಶ್ ಅಂತ ಹೆಸರು. 1919ರಲ್ಲಿ ಉರುಗ್ವೆ ಮೇಲೆ ಗೋಲು ಹೊಡೆದು ಬ್ರೆಜಿಲ್‌ಗೆ ಮೊದಲ ದಕ್ಷಿಣ ಅಮೆರಿಕ ಕಪ್ ತಂದುಕೊಟ್ಟವನು. ತಂದೆ ಜರ್ಮನ್ ಮೂಲದ ವ್ಯಾಪಾರಿ, ತಾಯಿ ಕಪ್ಪು ಹೆಣ್ಣುಮಗಳು. ಗುಂಗುರು ಕೂದಲು ಯಾರಿಗೂ ಕಾಣಬಾರದು ಅಂತ ಅದನ್ನ ನೆಟ್ಟಗೆ ಮಾಡ್ಕೊಳ್ತಾ ಕೂತು, ಮೈದಾನಕ್ಕೆ ಎಲ್ಲರಿಗಿಂತ ಕೊನೆಗೆ ಇಳೀತಿದ್ದನಂತೆ.