ಗುಂಡು, ಕವಚ ಮತ್ತು ಜೇಡಿಮಣ್ಣಿನ ತಗ್ಗು

ಒಂದು ಬುಲೆಟ್‌ಪ್ರೂಫ್ ಜಾಕೆಟ್ ಮುಂದಿಟ್ಟು ಇದು ಗುಂಡು ತಡೆಯುತ್ತದೆಯೇ ಎಂದು ಕೇಳಿದರೆ, ತಿಳಿದ ಪರೀಕ್ಷಕರು ಒಂದೇ ಮಾತಿನ ಉತ್ತರ ಕೊಡುವುದಿಲ್ಲ. ಯಾವ ಗುಂಡು, ಎಷ್ಟು ದೂರದಿಂದ, ಎಷ್ಟು ವೇಗದಲ್ಲಿ, ಮೊದಲ ಗುಂಡೋ ಆರನೆಯದೋ, ಜಾಕೆಟ್ ಹೊಸದೋ ಹಳೆಯದೋ, ಒಣಗಿತ್ತೋ ತೊಯ್ದಿತ್ತೋ ಎಂದು ಮರಳಿ ಕೇಳುತ್ತಾರೆ. ಈ ಪ್ರಶ್ನೆಗಳೆಲ್ಲ ಒಂದೇ ಕಾಲಕ್ಕೆ ಹುಟ್ಟಿದವಲ್ಲ. ಕವಚ ಪರೀಕ್ಷೆಯ ಚರಿತ್ರೆ ಎಂದರೆ ಈ ಪ್ರಶ್ನೆಗಳು ಒಂದೊಂದಾಗಿ ಸೇರುತ್ತ ಬಂದ ಕಥೆ. 2023ರ ಜನವರಿ 28ರಂದು ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಆವರಣಕ್ಕೆ ಅಡಿಗಲ್ಲು ಬಿತ್ತು. ಇದೇ ವಿಶ್ವವಿದ್ಯಾಲಯದ ಗಾಂಧಿನಗರ ಆವರಣದಲ್ಲಿ ಬ್ಯಾಲಿಸ್ಟಿಕ್ಸ್ ಸಂಶೋಧನಾ ಕೇಂದ್ರ ಮತ್ತು ಫೈರಿಂಗ್ ರೇಂಜ್ ಇವೆ. ಅಲ್ಲಿ ಕವಚಗಳ ಪರೀಕ್ಷೆಯೂ ನಡೆಯುತ್ತದೆ. ಆ ವಿದ್ಯೆ ನಮ್ಮ ಅಂಗಳಕ್ಕೆ ಬರುತ್ತಿರುವಾಗ ಅದು ನಡೆದು ಬಂದ ದಾರಿಯನ್ನು ಒಮ್ಮೆ ನೋಡಬೇಕೆನಿಸಿತು.

ಬಯಲುಸೀಮೆಗೆ ಕವಚ ಹೊಸದಲ್ಲ. 1689ರಲ್ಲಿ ಮೊಗಲರ ಪರವಾಗಿ ಬಿಕಾನೇರದ ಅನೂಪ್ ಸಿಂಗ್ ಆದವಾನಿ ಕೋಟೆಯನ್ನು ಹಿಡಿದಾಗ ಅಲ್ಲಿಯ ಆದಿಲ್‌ಶಾಹಿ ಉಗ್ರಾಣದ ಉಕ್ಕಿನ ಕವಚಗಳು ರಾಜಸ್ಥಾನಕ್ಕೆ ಹೋದವು. ಅಲ್ಲಿ ಅವುಗಳ ಮೇಲೆ ಚುಕ್ಕೆಚುಕ್ಕೆಯಾಗಿ ಕೊರೆದ ನಾಗರಿ ಅಕ್ಷರ ಇಂದಿಗೂ ಉಳಿದಿದೆ. ಉಂಗುರಗಳನ್ನು ಹೆಣೆದು ನಡುವೆ ತಗಡು ಕೂಡಿಸಿದ ಆ ಕವಚಗಳು ಕತ್ತಿಯ ಏಟು ತಡೆಯಲು ಮಾಡಿದವು, ಕೋವಿಯ ಗುಂಡು ತಡೆಯಲು ಅಲ್ಲ. ಟಿಪ್ಪುವಿನ ಕಾಲಕ್ಕೆ ಮೈಸೂರಿನವರು ಬಟ್ಟೆಯನ್ನು ಪದರ ಪದರವಾಗಿ ಒತ್ತಿ ಹೊಲಿದ ಅಂಗಿ, ಶಿರಸ್ತ್ರಾಣಗಳನ್ನು ತೊಡುತ್ತಿದ್ದರು. ಅತ್ತ ಇದಕ್ಕೂ ಹಿಂದೆಯೇ ಯುರೋಪಿನ ಕಮ್ಮಾರರು ತಯಾರಾದ ಎದೆಗವಚಕ್ಕೆ ತಾವೇ ಒಂದು ಗುಂಡು ಹೊಡೆದು, ಬಿದ್ದ ತಗ್ಗನ್ನು ಕೊಳ್ಳುವವರಿಗೆ ತೋರಿಸುತ್ತಿದ್ದರು. ಆದರೆ ಆ ತಗ್ಗು ಮಾಡಿದ ಗುಂಡಿನ ವೇಗವೆಷ್ಟು? ಅದನ್ನು ಅಳೆಯುವ ದಾರಿ ಸಿಕ್ಕಿದ್ದು 1742ರಲ್ಲಿ. ಬೆಂಜಮಿನ್ ರಾಬಿನ್ಸ್ ತೂಗುಬಿಟ್ಟ ಭಾರಕ್ಕೆ ಗುಂಡು ಹೊಡೆದು, ಅದು ಎಷ್ಟು ತೂಗಿತು ಎಂಬುದರಿಂದ ವೇಗ ಲೆಕ್ಕ ಹಾಕುವ ಬಗೆಯನ್ನು ಆ ವರ್ಷ ಪ್ರಕಟಿಸಿದ. ನನ್ನ ಮಟ್ಟಿಗೆ ಕವಚ ಪರೀಕ್ಷೆ ಶಾಸ್ತ್ರವಾದದ್ದು ಅಲ್ಲಿಂದ.

ಹತ್ತಿ ಬೆಳೆಯುವ ಧಾರವಾಡ ಸೀಮೆಯವರಿಗೆ ಕೊರಿಯಾದ ಒಂದು ಪ್ರಸಂಗ ಕುತೂಹಲ ತರುವಂಥದು. 1866ರಲ್ಲಿ ಫ್ರೆಂಚರ ಬಂದೂಕಿಗೆ ಸಿಕ್ಕ ಮೇಲೆ ಅಲ್ಲಿಯ ಆಡಳಿತ ಹತ್ತಿಬಟ್ಟೆಯ ಪದರಗಳಿಗೆ ಗುಂಡು ಹೊಡೆಸಿ ನೋಡಿ, ಮೂವತ್ತು ಪದರಗಳವರೆಗಿನ ಮೇಲಂಗಿ ಮಾಡಿಸಿತು. 1871ರಲ್ಲಿ ಅಮೆರಿಕನ್ನರ ವಿರುದ್ಧ ಸೈನಿಕರು ಅದನ್ನು ತೊಟ್ಟು ನಿಂತರು. ಬಿಸಿಲಿಗೆ ಬೆಂದರು; ತೋಪಿನ ಕಿಡಿಗೆ ಬಟ್ಟೆ ಹೊತ್ತಿಕೊಂಡಿತು. ಪರೀಕ್ಷಿಸಿದ್ದು ಬಂದೂಕಿನ ಗುಂಡಿಗೆ, ರಣರಂಗದಲ್ಲಿ ಎದುರಾದದ್ದು ಇನ್ನೊಂದು. ಇಡೀ ಕ್ಷೇತ್ರವನ್ನು ಇಂದಿಗೂ ಕಾಡುವ ತೊಡಕು ಇದೇ.

1965ರಲ್ಲಿ ಡುಪಾಂಟ್ ಕಂಪನಿಯ ಸ್ಟೆಫನಿ ಕ್ವೊಲೆಕ್ ಕಂಡುಹಿಡಿದ ನೂಲು ಕೆವ್ಲಾರ್ ಆಯಿತು. ಹಗುರವಾದ, ಬಾಗುವ ಜಾಕೆಟ್ ಸಾಧ್ಯವಾದದ್ದು ಅದರಿಂದ. ಆಗ ಹೊಸ ಸಮಸ್ಯೆ ತಲೆದೋರಿತು: ಗುಂಡು ತೂರಿ ಹೋಗದಿದ್ದರೂ ಬಟ್ಟೆ ಒಳಕ್ಕೆ ಉಬ್ಬಿ ಪಕ್ಕೆಲುಬು, ಯಕೃತ್ತಿಗೆ ಪೆಟ್ಟು ಕೊಡುತ್ತದೆ. ಎಷ್ಟು ಪೆಟ್ಟನ್ನು ಮನುಷ್ಯ ತಾಳಬಲ್ಲ? 1970ರ ದಶಕದಲ್ಲಿ ಅಮೆರಿಕದ ಸೇನಾ ಸಂಶೋಧಕರು ಅರಿವಳಿಕೆ ಕೊಟ್ಟ ಆಡುಗಳಿಗೆ ಕೆವ್ಲಾರ್ ಹೊದಿಸಿ .38 ರಿವಾಲ್ವರ್ ಗುಂಡು ಹೊಡೆದು, ಒಳಗಾಯಗಳನ್ನು ದಾಖಲಿಸಿದರು. ಅದೇ ಹೊಡೆತ ಜಿಲೆಟಿನ್ ಮತ್ತು ಮಾದರಿ ಮಾಡುವ ಜೇಡಿಮಣ್ಣಿನಲ್ಲಿ ಎಷ್ಟು ಆಳದ ತಗ್ಗು ಮಾಡುತ್ತದೆ ಎಂದು ಹೋಲಿಸಿದರು. ಜಿಲೆಟಿನ್ ಮತ್ತೆ ಮೊದಲಿನಂತಾಗಿಬಿಡುತ್ತದೆ, ಆ ಕ್ಷಣವನ್ನು ಹಿಡಿಯಲು ವೇಗದ ಕ್ಯಾಮೆರಾ ಬೇಕು. ಮಣ್ಣಿನಲ್ಲಿ ತಗ್ಗು ಉಳಿಯುತ್ತದೆ, ಅಳತೆಪಟ್ಟಿ ಸಾಕು. ಹೀಗೆ ಜಾಕೆಟ್ ಹಿಂದಿನ ಮಣ್ಣಿನಲ್ಲಿ ಬೀಳುವ ತಗ್ಗಿಗೆ 44 ಮಿಲಿಮೀಟರ್ ಎಂಬ ಮಿತಿ ಬಂತು.

ಈ ಅಂಕಿಯ ಬಗ್ಗೆ ನನಗೆ ಅಸಮಾಧಾನವಿದೆ. ರಿವಾಲ್ವರ್ ಗುಂಡು, ತೆಳು ಕೆವ್ಲಾರ್, ಕೆಲವೇ ಆಡುಗಳಿಂದ ಬಂದ ಮಿತಿಯನ್ನು ರೈಫಲ್ ಗುಂಡಿಗೂ ದಪ್ಪ ಫಲಕಕ್ಕೂ ಅನ್ವಯಿಸುತ್ತ ಬಂದಿದ್ದಾರೆ. ಜೇಡಿಮಣ್ಣಿಗೆ ಎಲುಬಿಲ್ಲ, ಶ್ವಾಸಕೋಶವಿಲ್ಲ. ಅದರ ತಯಾರಿಕೆ ಕಾಲಕಾಲಕ್ಕೆ ಬದಲಾಗಿ ಗಟ್ಟಿಯಾದದ್ದರಿಂದ ಈಗ ಬಿಸಿ ಮಾಡಿ ಬಳಸುತ್ತಾರೆ. ಒಂದು ಕಿಲೋದಷ್ಟು ತೂಕದ ಉಕ್ಕಿನ ಗೋಲಿಯನ್ನು ಎರಡು ಮೀಟರ್ ಮೇಲಿಂದ ಬಿಟ್ಟು, ತಗ್ಗು 19 ಮಿಲಿಮೀಟರಿನ ಆಸುಪಾಸಿಗೆ ಬಂದರೆ ಮಾತ್ರ ಮಣ್ಣು ಹದವಾಗಿದೆ ಎಂದು ಒಪ್ಪುತ್ತಾರೆ. ಜಾಕೆಟ್ ಹಿಂದಿನ ತಗ್ಗಿನ ವಿಷಯದಲ್ಲಿ ಭಾರತದ ಮಾನಕ ಇನ್ನಷ್ಟು ಬಿಗಿ: 44ರ ಬದಲು ಇಲ್ಲಿ 25 ಮಿಲಿಮೀಟರ್ ಮೀರುವಂತಿಲ್ಲ. ಅದಕ್ಕೆ ತೂಕದ ರೂಪದಲ್ಲಿ ಬೆಲೆ ತೆರಬೇಕಾಗುತ್ತದೆ, ತೆರುವವನು ಜಾಕೆಟ್ ಹೊತ್ತು ಗುಡ್ಡ ಹತ್ತುವ ಜವಾನ.

ಗುಂಡಿನ ಜಾತಿ ಬದಲಾದಂತೆ ಕವಚದ ಕೆಲಸವೂ ಬದಲಾಗುತ್ತದೆ. 9 ಎಂಎಂ ಗುಂಡು ಸೆಕೆಂಡಿಗೆ 400 ಮೀಟರಿನ ಆಸುಪಾಸಿನಲ್ಲಿ ಬರುತ್ತದೆ. ಅದರ ಸೀಸದ ತಿರುಳು ನೂಲಿನ ಬಲೆಯಲ್ಲಿ ಚಪ್ಪಟೆಯಾಗಿ ಸಿಕ್ಕಿಬೀಳುತ್ತದೆ. ಎಕೆ-47ರದ್ದು 700 ಮೀಟರ್ ದಾಟುತ್ತದೆ, ನೂಲೊಂದೇ ಅದನ್ನು ಹಿಡಿಯಲಾರದು. ಮುಂದೆ ಸೆರಾಮಿಕ್ ಫಲಕವಿಟ್ಟು ಗುಂಡನ್ನು ಒಡೆದು, ಹಿಂದಿನ ಪಾಲಿಥೀನ್ ಪದರದಲ್ಲಿ ಚೂರುಗಳನ್ನು ಹಿಡಿಯಬೇಕು. ಎಕೆ ಗುಂಡಿನ ಒಳತಿರುಳು ಮೆದು ಉಕ್ಕೋ ಗಟ್ಟಿ ಉಕ್ಕೋ ಎಂಬುದರ ಮೇಲೆ ಫಲಿತಾಂಶ ತಲೆಕೆಳಗಾಗುತ್ತದೆ. 2017ರ ಡಿಸೆಂಬರ್ 31ರಂದು ಕಾಶ್ಮೀರದ ಲೇಥಪೊರಾ ಸಿಆರ್‌ಪಿಎಫ್ ಶಿಬಿರದ ಮೇಲಿನ ದಾಳಿಯಲ್ಲಿ ಇಂಥ ಗಟ್ಟಿ ತಿರುಳಿನ ಗುಂಡುಗಳು ರಕ್ಷಣಾ ಫಲಕವನ್ನು ತೂರಿದ್ದು ವರದಿಯಾಯಿತು. ಮರುವರ್ಷವೇ ಭಾರತೀಯ ಮಾನಕ ಬ್ಯೂರೋದ ಜಾಕೆಟ್ ಮಾನಕ ಐಎಸ್ 17051:2018 ಬಂತು. ಅದರಲ್ಲಿ ಆರು ಹಂತಗಳು; ಕೆಳಗಿನದು 9 ಎಂಎಂಗೆ, ಆರನೆಯದು 7.62×54 ಕವಚಭೇದಕ ಗುಂಡಿಗೆ. 2024ರ ಏಪ್ರಿಲ್‌ನಲ್ಲಿ ಕಾನ್ಪುರದ ಡಿಆರ್‌ಡಿಒ ಪ್ರಯೋಗಾಲಯದ ಫಲಕ ಈ ಆರನೆಯ ಹಂತದ ಆರು ಗುಂಡುಗಳನ್ನು ತಡೆಯಿತು. ಪರೀಕ್ಷೆ ನಡೆದದ್ದು ಡಿಆರ್‌ಡಿಒದ್ದೇ ಇನ್ನೊಂದು ಪ್ರಯೋಗಾಲಯವಾದ ಚಂಡೀಗಡದ ಟಿಬಿಆರ್‌ಎಲ್‌ನಲ್ಲಿ. ಅದೇ ವರ್ಷ ಐಐಟಿ ದೆಹಲಿಯೊಂದಿಗೆ ರೂಪಿಸಿದ ‘ಅಭೇದ್’ ಜಾಕೆಟ್‌ನ ಹಗುರ ಮಾದರಿಯ ತೂಕ 8.2 ಕಿಲೋ.

ಹುಬ್ಬಳ್ಳಿಯವರಿಗೆ ಮಾನಕ ಬ್ಯೂರೋ ಅಪರಿಚಿತವಲ್ಲ. ಬೆಂಗೇರಿಯಲ್ಲಿ ತಯಾರಾಗುವ ಖಾದಿ ರಾಷ್ಟ್ರಧ್ವಜಕ್ಕೂ ಅದರ ಮುದ್ರೆಯೇ ಬೇಕು; ಎಳೆಗಳ ಲೆಕ್ಕ, ಬಣ್ಣ, ಅಳತೆ ಎಲ್ಲವೂ ಮಾನಕಕ್ಕೆ ಹೊಂದಬೇಕು. ಅಳೆದು ನೋಡಿದ ಧ್ವಜವನ್ನು ಹಾರಿಸಬಹುದು, ಆದರೆ ಗುಂಡು ಬಿದ್ದ ಜಾಕೆಟ್ ಮತ್ತೆ ತೊಡಲು ಬರುವುದಿಲ್ಲ. ಪರೀಕ್ಷಿಸಿದ ಜಾಕೆಟ್ ಯಾರೂ ತೊಡುವುದಿಲ್ಲ, ತೊಡುವ ಜಾಕೆಟ್ ಯಾರೂ ಪರೀಕ್ಷಿಸಿರುವುದಿಲ್ಲ. 2018ರಲ್ಲಿ ಸೇನೆ 639 ಕೋಟಿ ರೂಪಾಯಿಗೆ 1.86 ಲಕ್ಷ ಜಾಕೆಟ್‌ಗಳ ಒಪ್ಪಂದ ಮಾಡಿಕೊಂಡಿತು. ಅಷ್ಟು ಜಾಕೆಟ್‌ಗಳ ಪೈಕಿ ಯಾವುದನ್ನು ಎತ್ತಿಕೊಂಡು ಹೊಡೆದು ನೋಡಬೇಕೆಂಬ ಆಯ್ಕೆ, ಗುಂಡಿನ ಆಯ್ಕೆಯಷ್ಟೇ ಗಂಭೀರ.

ವಯಸ್ಸಿನ ಪ್ರಶ್ನೆ ಬಂದದ್ದು ತೀರ ತಡವಾಗಿ. 2003ರಲ್ಲಿ ಅಮೆರಿಕದ ಪೊಲೀಸನೊಬ್ಬ ತೊಟ್ಟಿದ್ದ ಝೈಲಾನ್ ನೂಲಿನ ಜಾಕೆಟ್ ತಡೆಯಬೇಕಿದ್ದ ಗುಂಡನ್ನೇ ಒಳಬಿಟ್ಟಿತು. 2005ರಲ್ಲಿ ಬಳಸಿದ 103 ಝೈಲಾನ್ ಜಾಕೆಟ್‌ಗಳನ್ನು ಪರೀಕ್ಷಿಸಿದಾಗ 60 ಸೋತವು. ಕಾರಣ ತೇವ, ನೀರಿನಂಶ ನೂಲಿನ ಅಣುಗಳನ್ನೇ ಮುರಿದಿತ್ತು. ಹೊಸ ಜಾಕೆಟ್‌ಗಳೆಲ್ಲ ತೇರ್ಗಡೆಯಾಗಿದ್ದವು ಎಂಬುದೇ ಇಲ್ಲಿಯ ಆಘಾತ. 2008ರ ಅಮೆರಿಕನ್ ಮಾನಕ ಅದರಿಂದ ಪಾಠ ಕಲಿತು, ಜಾಕೆಟ್ಟನ್ನು 65 ಡಿಗ್ರಿ ಶಾಖ, ಶೇ 80ರ ತೇವದಲ್ಲಿ ಹತ್ತು ದಿನ ಉರುಳಿಸಿ ಆಮೇಲೆ ಗುಂಡು ಹೊಡೆಯಬೇಕೆಂದಿತು. ಕೆವ್ಲಾರ್ ಕೂಡ ನೀರು ಕುಡಿದರೆ ಎಳೆಗಳು ಜಾರಿ ದುರ್ಬಲವಾಗುತ್ತದೆ. ಮಲೆನಾಡಿನ ಮಳೆಯಲ್ಲಿ ತಿಂಗಳುಗಟ್ಟಲೆ ಕೂಂಬಿಂಗ್ ಮಾಡಿದ ನಮ್ಮ ನಕ್ಸಲ್ ನಿಗ್ರಹ ಪಡೆಯವರ ಮಟ್ಟಿಗೆ ಇದು ಕಾಗದದ ಮೇಲಿನ ಮಾತಲ್ಲ.

ಗುಂಡಿನ ವಿಜ್ಞಾನವನ್ನು ಧಾರವಾಡ ಅರಿತದ್ದು ನೋವಿನಿಂದ. 2015ರ ಆಗಸ್ಟ್ 30ರ ಬೆಳಿಗ್ಗೆ ಸಂಶೋಧಕ ಎಂ.ಎಂ. ಕಲ್ಬುರ್ಗಿಯವರನ್ನು ಅವರ ಮನೆಯ ಬಾಗಿಲಲ್ಲೇ ಕೊಂದರು. ಆ 7.65 ಎಂಎಂ ಗುಂಡುಗಳನ್ನೂ 2017ರಲ್ಲಿ ಪತ್ರಕರ್ತೆ ಗೌರಿ ಲಂಕೇಶರನ್ನು ಕೊಂದವುಗಳನ್ನೂ ಹೋಲಿಸಿದ ವಿಧಿವಿಜ್ಞಾನ ತಜ್ಞರು ಎರಡಕ್ಕೂ ಒಂದೇ ನಾಡಪಿಸ್ತೂಲು ಬಳಕೆಯಾಗಿದೆ ಎಂದರು. ಅಂಥ ಪಿಸ್ತೂಲುಗಳು ಕವಚ ಪರೀಕ್ಷೆಗೂ ಸವಾಲು. ಮಾನಕ ಹೇಳುವುದು ಕಾರ್ಖಾನೆಯ ತೋಟೆ, ಗೊತ್ತಾದ ವೇಗ; ಕುಲುಮೆಯಲ್ಲಿ ಮಾಡಿದ ನಳಿಕೆಗೆ ಅಂಥ ನಿಯಮವಿಲ್ಲ.

ಅಮೆರಿಕದ 2023ರ ಮಾನಕ ಮಹಿಳೆಯರ ಜಾಕೆಟ್ಟನ್ನು ಪರೀಕ್ಷಿಸುವ ಕ್ರಮವನ್ನು ಸುಧಾರಿಸಿತು. ಎದೆಯ ಭಾಗ ಬಾಗಿರುವಲ್ಲಿ ಚಪ್ಪಟೆ ಮಣ್ಣಿನ ಮೇಲೆ ಹೊಡೆದರೆ ನಿಜ ತಿಳಿಯದು. ನಮ್ಮಲ್ಲಿ ಠಾಣೆಗಳಿಗೆ ಬರುತ್ತಿರುವ ಹೆಣ್ಣುಮಕ್ಕಳಿಗಾಗಿ ಈ ಕೆಲಸ ಆಗಬೇಕು. ಧಾರವಾಡದ ಆವರಣದಲ್ಲಿ ಮುಂದೆ ರೇಂಜ್ ಬರುವುದಾದರೆ ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಹೊಸ ಜಾಕೆಟ್‌ಗಳನ್ನಲ್ಲ. ಕಲಬುರಗಿಯ ಬಿಸಿಲು, ಆಗುಂಬೆಯ ಮಳೆ ಉಂಡು ಪೊಲೀಸ್ ಉಗ್ರಾಣಗಳಲ್ಲಿ ಬಿದ್ದಿರುವ ಹಳೆಯವುಗಳಲ್ಲಿ ಪ್ರತಿ ತಂಡದಿಂದ ಒಂದೆರಡನ್ನು ತರಿಸಿ, ಹೊಡೆದು, ಹಿಂದಿನ ತಗ್ಗನ್ನು ಅಳೆದು, ಫಲಿತಾಂಶವನ್ನು ಅವನ್ನು ತೊಡುವವರ ಕೈಗೇ ಕೊಡಬೇಕು.